ಟೇಬಲ್ ಎಂದರೆ ಬರೀ ಮೇಜಲ್ಲ

(ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ಅನುವಾದ ಕಲಿಯುತ್ತಿರುವ ವಿದ್ಯಾರ್ಥಿಗಳ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಅನುವಾದದ ಸಿದ್ಧಾಂತ ಹೇಳಬಲ್ಲ ಅಧ್ಯಾಪಕರು ನಿಮ್ಮ ಕಾಲೇಜಿನಲ್ಲೇ ಇದ್ದಾರೆ. ನಾನು ಕಚೇರಿ ಮತ್ತು ನ್ಯಾಯಾಲಯದ ಕಾಗದಪತ್ರಗಳನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಾ ಸಂಸಾರ ಸಾಗಿಸಿದವನು. ದೊಡ್ಡ ಮಾತು ನನಗೆ ಒಗ್ಗುವುದಿಲ್ಲ. ಆದ್ದರಿಂದ ಒಂದೇ ಒಂದು ಪದವನ್ನು ಹಿಡಿದುಕೊಂಡು ಬಂದಿದ್ದೇನೆ: ಟೇಬಲ್. ನನ್ನ ಮುಂದೆಯೇ ಒಂದಿದೆ. ಅದರ ಮೇಲೆ ನೀರಿನ ಬಾಟಲಿ, ಶಾಲು, ಹಾರ ಇಟ್ಟಿದ್ದೀರಿ. ಇದಕ್ಕೂ ಒಂದು ಉಪನ್ಯಾಸವೇ ಎಂದು ಹಿಂದಿನ ಸಾಲಿನವರು ನಗುತ್ತಿರುವುದು ಕಾಣುತ್ತಿದೆ. ನಗಿ. ಆದರೆ ಅಂತರ್ಜಲದ ವರದಿಯೊಂದನ್ನು ಮೊಬೈಲಿನಲ್ಲಿ ಅನುವಾದ ಮಾಡಿಸಿ, ‘ಬೇಸಿಗೆಯಲ್ಲಿ ನೀರಿನ ಮೇಜು ಕೆಳಗಿಳಿಯುತ್ತದೆ’ ಎಂದು ಬರೆದು ತಂದವರೂ ನಿಮ್ಮಂತೆ ಓದಿದವರೇ.

ನನ್ನ ಮಾತು ಇಷ್ಟೇ. ಟೇಬಲ್ ಎಂದಾಗ ಇಂಗ್ಲಿಷಿನವರ ಕಣ್ಣು ಒಮ್ಮೆ ಹಲಗೆಯ ಮೇಲಿರುತ್ತದೆ, ಒಮ್ಮೆ ಹಲಗೆಯ ಮೇಲೆ ಬರೆದದ್ದರ ಮೇಲೆ, ಒಮ್ಮೆ ಅಲ್ಲಿ ಇಟ್ಟದ್ದರ ಮೇಲೆ, ಇನ್ನೊಮ್ಮೆ ಸುತ್ತ ಕುಳಿತವರ ಮೇಲೆ. ಕಣ್ಣು ಎಲ್ಲಿದೆ ಎಂದು ಹಿಡಿಯದೆ ನಿಘಂಟು ತೆರೆದರೆ ನಿಘಂಟು ನಿಮಗೆ ಮೇಜನ್ನೇ ಕೊಡುತ್ತದೆ.

ಮೊದಲು ಮನೆಯೊಳಗಿನ ಟೇಬಲ್ಲನ್ನು ನೋಡೋಣ. ನಮ್ಮ ಕಡೆಯ ಮನೆಗಳಿಗೆ ಇದು ತಡವಾಗಿ ಬಂದ ಅತಿಥಿ. ನೆಲದ ಮೇಲೆ ಮಣೆ ಹಾಕಿ ಕೂರುತ್ತಿದ್ದರು. ಜಂಗಮರು ಊಟಕ್ಕೆ ಬಂದರೆ ಮೂರು ಕಾಲಿನ ಅಡ್ಡಣಿಗೆ ಹೊರಗೆ ಬರುತ್ತಿತ್ತು. ತಟ್ಟೆ ಅದರ ಮೇಲೆ, ಊಟ ಮಾಡುವವರು ಕೆಳಗೆ. ಪಕ್ಕದ ಮುಸಲ್ಮಾನರ ಮನೆಯಲ್ಲಿ ದಸ್ತರಖಾನ ಹಾಸಿದರೆ ನೆಲವೇ ಊಟದ ಟೇಬಲ್. ಅಡತಿ ಅಂಗಡಿಯ ಮುನೀಮರಿಗೂ ಟೇಬಲ್ ಇರಲಿಲ್ಲ, ಗಾದಿಯ ಮೇಲೆ ಕುಳಿತು, ಮುಂದೆ ಇಳಿಜಾರಾದ ಪೆಟ್ಟಿಗೆ ಇಟ್ಟುಕೊಂಡು ತೊಗರಿಯ ಲೆಕ್ಕ ಬರೆಯುತ್ತಿದ್ದರು. ಅಡುಗೆಮನೆಗೆ ಕಟ್ಟೆ ಬಂದಾಗ ಅದರ ಮೇಲೆ ಕೂತದ್ದು ನಮ್ಮ ಶಹಾಬಾದಿನ ಫರ್ಸಿ ಕಲ್ಲು. ಭೂಮಿಯೊಳಗೇ ಪದರು ಪದರಾಗಿ ಮಲಗಿರುವ ಈ ಸುಣ್ಣಕಲ್ಲನ್ನು ಹೆಚ್ಚು ಕೆತ್ತಬೇಕಾಗಿಯೇ ಇಲ್ಲ, ಎಬ್ಬಿಸಿದರೆ ಚಪ್ಪಟೆಯಾಗಿಯೇ ಏಳುತ್ತದೆ. ಹಳೆಯ ಚಹಾದ ಅಂಗಡಿಗಳಲ್ಲಿ ಎರಡು ಕಲ್ಲುಕಂಬದ ಮೇಲೆ ಒಂದು ಫರ್ಸಿ ಅಡ್ಡ ಹಾಕಿದರೆ ಟೇಬಲ್ ಆಯಿತು. ಬಡಗಿಯ ಹಂಗೇ ಇಲ್ಲ.

ನಾವು ಕನ್ನಡದ್ದೆಂದು ಬಳಸುವ ಮೇಜು ಕೂಡ ಹೊರಗಿನಿಂದ ಬಂದದ್ದು. ಪಾರಸಿಯಲ್ಲಿ ಮೇಜ್ ಇದೆ, ಪೋರ್ಚುಗೀಸರ ಭಾಷೆಯಲ್ಲಿ ಮೇಸಾ ಇದೆ. ಇವೆರಡರಲ್ಲಿ ಯಾವುದು ನಮ್ಮ ತಾಯಿಬೇರು ಎಂದು ಪಂಡಿತರು ಜಗ್ಗಾಡುತ್ತಾರೆ. ಕರಾವಳಿಯವರು ಪೋರ್ಚುಗೀಸರನ್ನು ನೆನೆಯಲಿ. ಬಹಮನಿಗಳ ದರ್ಬಾರು ನಡೆದ ಕಲಬುರಗಿ–ಬೀದರಿನವರು ಪಾರಸಿಯ ಕಡೆಗೆ ವಾಲಿದರೆ ತಪ್ಪು ಹಿಡಿಯಬೇಡಿ. ಅತ್ತ ಇಂಗ್ಲಿಷಿನವರೂ ನಮ್ಮಿಂದ ಒಯ್ದಿದ್ದಾರೆ. ಟೀಪಾಯಿಗೂ ಚಹಾಕ್ಕೂ ಸಂಬಂಧವೇ ಇಲ್ಲ. ಹಿಂದಿಯ ತಿಪಾಯಿ, ಅಂದರೆ ಮೂರು ಕಾಲಿನದು. ಇಂಗ್ಲಿಷರು ಅದನ್ನು ಕೇಳಿ ‘ಟೀ’ ಎಂದುಕೊಂಡರು, ಅದರ ಮೇಲೆ ಚಹಾ ಇಟ್ಟರು, ನಾಲ್ಕನೆಯ ಕಾಲನ್ನೂ ಹಚ್ಚಿದರು. ನಾವು ಅದನ್ನೇ ಮರಳಿ ಪಡೆದು ಟೀಪಾಯಿ ಎನ್ನುತ್ತಿದ್ದೇವೆ.

ಟೇಬಲ್ ಫ್ಯಾನಿನಲ್ಲಿ ಟೇಬಲ್ ಎಂದರೆ ಏನು? ಟೇಬಲ್ಲಿನ ಮೇಲೆ ಇಡುವಷ್ಟು ಗಾತ್ರದ್ದು ಎಂದು ಮಾತ್ರ. ಮೇ ತಿಂಗಳ ಕಲಬುರಗಿಯಲ್ಲಿ ಅದು ಟೇಬಲ್ಲಿನ ಮೇಲಿರುವುದನ್ನು ಯಾರಾದರೂ ನೋಡಿದ್ದೀರಾ? ಮಾಳಿಗೆಯ ಮೇಲೆ, ಹೊರಸಿನ ಪಕ್ಕ, ಒಂದು ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕೂರಿಸಿರುತ್ತೇವೆ. ಹೆಸರು ಒಂದು ಕಡೆ, ವಸ್ತು ಒಂದು ಕಡೆ.

ಈಗ ಮದುವೆಯ ಊಟಕ್ಕೆ ಬನ್ನಿ. ಮಂಗಳ ಕಾರ್ಯಾಲಯದ ಊಟದ ಹಾಲಿನಲ್ಲಿ ಕಬ್ಬಿಣದ ಮಡಚುವ ಕಾಲುಗಳನ್ನು ನಿಲ್ಲಿಸಿ, ಅದರ ಮೇಲೆ ಉದ್ದನೆಯ ಹಲಗೆಗಳನ್ನು ಹಾಕುತ್ತಾರೆ. ಒಬ್ಬ ಹುಡುಗ ಬಿಳಿ ಹಾಳೆಯ ಸುರುಳಿಯನ್ನು ಈ ತುದಿಯಿಂದ ಆ ತುದಿಗೆ ಬಿಚ್ಚುತ್ತಾ ಓಡುತ್ತಾನೆ, ಹಿಂದಿನಿಂದ ಇನ್ನೊಬ್ಬ ನೀರು ಚಿಮುಕಿಸುತ್ತಾನೆ. ಪಂಕ್ತಿ ಎದ್ದ ಮೇಲೆ ಎಂಜಲು, ಎಲೆ, ಹಾಳೆ ಎಲ್ಲವೂ ಒಟ್ಟಿಗೆ ಸುತ್ತಿಕೊಂಡು ಹೋಗುತ್ತವೆ. ಸಂಜೆಯ ಹೊತ್ತಿಗೆ ಹಲಗೆಗಳು ಗೋಡೆಗೆ ಒರಗಿರುತ್ತವೆ. ಮಧ್ಯಯುಗದ ಇಂಗ್ಲೆಂಡಿನ ದೊಡ್ಡ ಮನೆಗಳಲ್ಲಿ ಊಟದ ಏರ್ಪಾಡು ಹೀಗೆಯೇ ಇತ್ತು: ಬಿಡಿ ಕಾಲುಗಳ ಮೇಲೆ ಹಲಗೆ, ಊಟ ಮುಗಿದ ಮೇಲೆ ಎತ್ತಿಡುವುದು. ಆ ಹಲಗೆಯನ್ನು ಅವರು ಬೋರ್ಡ್ ಎನ್ನುತ್ತಿದ್ದರು. ಬಸ್ ನಿಲ್ದಾಣದ ಎದುರಿನ ‘ಬೋರ್ಡಿಂಗ್ ಮತ್ತು ಲಾಡ್ಜಿಂಗ್’ ಫಲಕದಲ್ಲಿರುವುದು ಇದೇ ಊಟದ ಹಲಗೆ. ಟೇಬಲ್ ಎಂಬುದು ಫ್ರೆಂಚಿನ ದಾರಿಯಿಂದ ಬಂದ, ಲ್ಯಾಟಿನ್ನಿನ ತಬುಲಾದ ಮೊಮ್ಮಗ. ತಬುಲಾ ಎಂದರೂ ಹಲಗೆಯೇ. ಅದು ಮೊದಲು ಬರೆಯುವ ಹಲಗೆ, ಲೆಕ್ಕದ ಹಲಗೆ, ಆಟದ ಹಲಗೆ. ಅದಕ್ಕೆ ನಾಲ್ಕು ಕಾಲು ಹುಟ್ಟಿದ್ದು ಆಮೇಲೆ.

ಇದು ವಿಚಿತ್ರ ಎನ್ನಿಸಿದರೆ ನಮ್ಮ ಹಲಗೆಯನ್ನೇ ನೋಡಿ. ಬಡಗಿಗೆ ಹಲಗೆ ಎಂದರೆ ಸೀಳಿದ ಮರ. ಬಳಪದ ಪಕ್ಕದಲ್ಲಿ ಬಂದರೆ ಅದು ಪಾಟಿ. ಜಾತ್ರೆಯಲ್ಲಿ ಹಲಗೆ ಎಂದರೆ ಚರ್ಮದ ವಾದ್ಯ. ಅದು ಬಡಿಯತೊಡಗಿದರೆ ಎರಡು ಓಣಿ ಆಚೆಗೂ ಕಾಲು ನಿಲ್ಲುವುದಿಲ್ಲ. ಹಳಗನ್ನಡದ ಯುದ್ಧವರ್ಣನೆಗಳಲ್ಲಿ ಹಲಗೆ ಎಂದರೆ ಗುರಾಣಿ. ಒಂದೇ ಪದ ಬಡಗಿಯ ಅಂಗಳದಿಂದ ಶಾಲೆಗೆ, ಶಾಲೆಯಿಂದ ರಣರಂಗಕ್ಕೆ ಹೋಗಿ ಬಂದಿದೆ. ಇದನ್ನು ನಾವು ಯಾರೂ ಗೊಂದಲ ಎನ್ನುವುದಿಲ್ಲ. ಇಂಗ್ಲಿಷಿನವರಿಗೂ ಟೇಬಲ್ ಗೊಂದಲವಲ್ಲ. ಗೊಂದಲ ನಡುವೆ ನಿಂತ ಅನುವಾದಕನಿಗೆ ಮಾತ್ರ.

ಬರೆಯುವ ಹಲಗೆಯ ಅರ್ಥದಲ್ಲಿ ರೋಮನ್ನರ ‘ಹನ್ನೆರಡು ಟೇಬಲ್’ ಪ್ರಸಿದ್ಧ. ಸಾಮಾನ್ಯ ಶಕಪೂರ್ವ 450ರ ಸುಮಾರಿಗೆ ಅವರು ತಮ್ಮ ಕಾನೂನನ್ನು ಹನ್ನೆರಡು ಫಲಕಗಳಲ್ಲಿ ಬರೆದು ಊರ ನಡುವೆ ಎಲ್ಲರಿಗೂ ಕಾಣುವಂತೆ ನಿಲ್ಲಿಸಿದರು. ಪುಸ್ತಕವೊಂದರಲ್ಲಿ ಇದನ್ನು ‘ಹನ್ನೆರಡು ಮೇಜುಗಳ ಕಾನೂನು’ ಎಂದು ಓದಿ ನನಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬಂದಿತ್ತು. ಫಲಕ ಎನ್ನಿ, ಶಾಸನ ಎನ್ನಿ. ಶಾಸನದ ಮಾತು ಬಂದಾಗ ನಮ್ಮ ಜಿಲ್ಲೆಯವರು ರೋಮ್‌ವರೆಗೆ ಹೋಗಬೇಕಿಲ್ಲ, ಭೀಮಾ ದಂಡೆಯ ಸನ್ನತಿ ಸಾಕು. ಅಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿ ಕಾಳಿಯ ಗುಡಿಯ ಮಾಳಿಗೆ 1986ರಲ್ಲಿ ಕುಸಿಯಿತು. ಕಲ್ಲುಮಣ್ಣು ತೆಗೆಯುವಾಗ ನೋಡಿದರೆ, ವಿಗ್ರಹಕ್ಕೆ ಪೀಠವಾಗಿ ಹಾಕಿದ್ದ ಕಲ್ಲಿನ ಮೇಲೆ ಬ್ರಾಹ್ಮಿ ಅಕ್ಷರಗಳು. ಅಶೋಕನ ಶಾಸನ! ಒಬ್ಬ ಚಕ್ರವರ್ತಿ ಓದಲೆಂದು ಬರೆಸಿದ ಕಲ್ಲನ್ನು, ಲಿಪಿ ಮರೆತುಹೋದ ಕಾಲದ ಜನ ಗಟ್ಟಿಮುಟ್ಟಾದ ಚಪ್ಪಡಿ ಎಂದು ತಂದು ದೇವಿಯನ್ನು ಕೂರಿಸಿದ್ದರು. ಟೇಬಲ್ ಎಂಬ ಪದದ ಎರಡು ಅರ್ಥಗಳು, ಬರೆದ ಫಲಕ ಮತ್ತು ಮೇಲೆ ವಸ್ತು ಇಡುವ ಪೀಠ, ಒಂದೇ ಕಲ್ಲಿನಲ್ಲಿ ಸಿಕ್ಕ ಜಾಗ ಅದು. ನಿಮ್ಮಲ್ಲಿ ಎಷ್ಟು ಜನ ಸನ್ನತಿಗೆ ಹೋಗಿದ್ದೀರಿ ಎಂದು ಕೇಳಿದರೆ ಎದ್ದ ಕೈಗಳನ್ನು ನೋಡಿ ಬೇಸರವಾಗುತ್ತದೆ. ಹೋಗಲಿ ಬಿಡಿ.

ಹಲಗೆಯ ಮೇಲೆ ಸಾಲು ಹಾಕಿ ಅಂಕಿ ಬರೆದರೆ ಅದೂ ಟೇಬಲ್. ಇಲ್ಲಿ ಕನ್ನಡ ಬೇರೆಯೇ ದಾರಿ ಹಿಡಿದಿದೆ. ಗುಣಾಕಾರದ ಟೇಬಲ್ ನಮಗೆ ಮಗ್ಗಿ. ಟೇಬಲ್ ಕಣ್ಣಿಗೆ ಕಾಣುವುದು, ಮಗ್ಗಿ ಕಿವಿಗೆ ಕೇಳುವುದು. ಸಂಜೆ ಕಂದೀಲಿನ ಮುಂದೆ ಕುಳಿತು ರಾಗವಾಗಿ ಒಪ್ಪಿಸಿದವರಿಗೆ ಏಳೆಂಟಲೆ ಐವತ್ತಾರು ಎಂಬುದು ಹಾಡಿನ ಸಾಲಿನಂತೆ ನಾಲಿಗೆಗೆ ಬರುತ್ತದೆ, ಯಾವ ಕಾಗದದ ಚಿತ್ರವೂ ಬೇಕಾಗುವುದಿಲ್ಲ. ಕಾಲು, ಅರೆ, ಮುಕ್ಕಾಲು, ಒಂದೂವರೆಯ ಮಗ್ಗಿಗಳೂ ಇದ್ದವು. ಬಜಾರಿನ ಹಿರಿಯರು ಒಂದೂಕಾಲು ಕ್ವಿಂಟಲ್ ತೊಗರಿಯ ದರವನ್ನು ಬಾಯಲ್ಲೇ ಹೇಳುತ್ತಿದ್ದುದು ಈ ಬಲದಿಂದ. ಇದೇ ಟೇಬಲ್ ವರದಿಯಲ್ಲಿ ಬಂದರೆ ಕೋಷ್ಟಕ. ಕೋಷ್ಠ ಎಂದರೆ ಕೋಣೆ, ಕಣಜ, ಹೊಟ್ಟೆ. ಅಡ್ಡಗೆರೆ ಉದ್ದಗೆರೆ ಹಾಕಿದಾಗ ಆಗುವ ಪುಟ್ಟ ಕೋಣೆಗಳನ್ನು ನೋಡಿ ನಮ್ಮವರು ಹೆಸರಿಟ್ಟರು, ಹಲಗೆಯನ್ನು ನೋಡಿ ಅಲ್ಲ. ರಷ್ಯಾದ ವಿಜ್ಞಾನಿ ಮೆಂಡಲೀವ್ 1869ರಲ್ಲಿ ಮೂಲವಸ್ತುಗಳ ಕೋಷ್ಟಕ ಮಾಡಿದಾಗ ಕೆಲವು ಕೋಣೆಗಳನ್ನು ಬೇಕೆಂದೇ ಖಾಲಿ ಬಿಟ್ಟರು. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಬಂದು ಆ ಕೋಣೆಗಳಲ್ಲಿ ಕುಳಿತವು. ಖಾಲಿ ಕೋಣೆ ಎಂದು ಹೇಳಬಹುದು, ಖಾಲಿ ಹಲಗೆ ಎಂದರೆ ಈ ಕಥೆ ನಡೆಯುವುದಿಲ್ಲ. ಕೋಷ್ಟಕ ನಿಜಕ್ಕೂ ಒಳ್ಳೆಯ ಪದ. ಅದನ್ನು ಸರ್ಕಾರಿ ಪದವೆಂದು ಮೂಗು ಮುರಿಯುವವರು ಪಂಚಾಂಗವನ್ನಾದರೂ ಬಿಡಿಸಿ ನೋಡಲಿ, ತಿಥಿ, ವಾರ, ನಕ್ಷತ್ರ, ಯೋಗ, ಕರಣ ಎಲ್ಲವೂ ತಮ್ಮ ತಮ್ಮ ಕೋಣೆಯಲ್ಲಿವೆ.

ಟೈಮ್ ಟೇಬಲ್ ನಮಗೆ ವೇಳಾಪಟ್ಟಿ. ವಾಡಿ ಜಂಕ್ಷನ್ನಿನಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಮಾರ್ಗ ತೆರೆದದ್ದು 1874ರಲ್ಲಿ. ಆಗ ದೇಶಕ್ಕೆಲ್ಲ ಒಂದೇ ಗಂಟೆ ಇರಲಿಲ್ಲ. ರೈಲ್ವೆಯವರು ಮದ್ರಾಸಿನ ಸಮಯ ಹಿಡಿದು ಪಟ್ಟಿ ಅಚ್ಚು ಹಾಕುತ್ತಿದ್ದರು, ಊರುಗಳು ತಮ್ಮ ಸೂರ್ಯನನ್ನು ನೋಡಿಕೊಳ್ಳುತ್ತಿದ್ದವು. ಭಾರತೀಯ ಪ್ರಮಾಣಿತ ಸಮಯ ಬಂದದ್ದು 1906ರ ಜನವರಿ 1ರಿಂದ. ಪಟ್ಟಿಯನ್ನು ನಂಬಿ ಹೋದವನಿಗೂ ಹೊತ್ತು ನೋಡಿ ಹೋದವನಿಗೂ ರೈಲು ತಪ್ಪಬಹುದಾದ ಕಾಲ.

ಇನ್ನು ನೀರಿನ ಟೇಬಲ್ಲಿಗೆ ಬರುತ್ತೇನೆ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಏಕೆಂದರೆ ಬೀದರಿನಲ್ಲಿ ಎರಡು ಟೇಬಲ್ಲುಗಳು ಒಂದರ ಒಳಗೊಂದು ಇವೆ. ಕಲಬುರಗಿಯಿಂದ ಬೀದರಿಗೆ ಬಸ್ಸಿನಲ್ಲಿ ಹೋದವರಿಗೆ ಕಪ್ಪು ಎರೆ ಮುಗಿದು ಕೆಂಪು ಮಣ್ಣು ಶುರುವಾಗುವುದು ಗೊತ್ತು. ಬೀದರ್ ನಗರ ಕೂತಿರುವುದು ಜಂಬಿಟ್ಟಿಗೆಯ ಎತ್ತರದ ಬಯಲಿನ ಮೇಲೆ. ಕೋಟೆ ಆ ಬಯಲಿನ ಅಂಚಿನಲ್ಲಿದೆ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ್ ಶಹಾ ರಾಜಧಾನಿಯನ್ನು ಕಲಬುರಗಿಯಿಂದ ಅಲ್ಲಿಗೆ ಒಯ್ದ. ಕೋಟೆಯ ಕಂದಕವನ್ನು ಈ ಕೆಂಪು ಕಲ್ಲಿನಲ್ಲೇ ಕೊರೆದಿದ್ದಾರೆ. ಇಂತಹ ಮೇಲೆ ಸಮತಟ್ಟಾದ ಎತ್ತರದ ನೆಲಕ್ಕೆ ಇಂಗ್ಲಿಷಿನಲ್ಲಿ ಟೇಬಲ್‌ಲ್ಯಾಂಡ್ ಎನ್ನುತ್ತಾರೆ, ಭೂಗೋಳದ ಪುಸ್ತಕದಲ್ಲಿ ನಾವು ಪ್ರಸ್ಥಭೂಮಿ ಎಂದು ಬಾಯಿಪಾಠ ಮಾಡಿದ್ದೇವೆ.

ಜಂಬಿಟ್ಟಿಗೆ ತೂತು ತೂತಾದ ಕಲ್ಲು. ಮಳೆ ಬಿದ್ದರೆ ಕುಡಿಯುತ್ತದೆ. ಕೆಳಗೆ ಜೇಡಿಯ ಪದರು, ಅದರಡಿ ದಖ್ಖನ್ನಿನ ಕರಿಕಲ್ಲು. ಅಲ್ಲಿಗೆ ಹೋದ ನೀರಿಗೆ ಮುಂದೆ ದಾರಿ ಸಲೀಸಲ್ಲ. ಹಾಗಾಗಿ ಕೆಂಪು ಕಲ್ಲಿನೊಳಗೆ ನೀರು ತುಂಬಿಕೊಳ್ಳುತ್ತದೆ. ಯಾವ ಆಳದ ಕೆಳಗೆ ಕಲ್ಲಿನ ಸಂದುಗೊಂದುಗಳೆಲ್ಲ ನೀರಿನಿಂದ ತುಂಬಿವೆಯೋ ಆ ಮೇಲ್ಮೈಯೇ ವಾಟರ್ ಟೇಬಲ್. ಇಂಗ್ಲಿಷಿನವರು ಇಲ್ಲಿ ಕಂಡದ್ದು ಟೇಬಲ್ಲಿನ ಸಮತಟ್ಟನ್ನು ಮಾತ್ರ. ವಾಸ್ತವದಲ್ಲಿ ಅದು ಸಮತಟ್ಟೂ ಅಲ್ಲ, ಮೇಲಿನ ನೆಲದ ಏರಿಳಿತವನ್ನು ಮೆಲ್ಲಗೆ ಅನುಸರಿಸುತ್ತಾ ಹೋಗುತ್ತದೆ. ಈ ಲೆಕ್ಕದಲ್ಲಿ ನಮ್ಮ ‘ಅಂತರ್ಜಲ ಮಟ್ಟ’ವೇ ಹೆಚ್ಚು ಪ್ರಾಮಾಣಿಕ, ಅದು ಎತ್ತರವನ್ನು ಹೇಳುತ್ತದೆ, ಆಕಾರದ ಬಗ್ಗೆ ಸುಳ್ಳಾಡುವುದಿಲ್ಲ.

ನೀರಿನ ಮಟ್ಟ ಬಯಲಿನ ಅಂಚಿಗೆ ಬಂದು ನೆಲವನ್ನು ಮುಟ್ಟಿದ ಕಡೆ ಬುಗ್ಗೆ ಒಡೆಯುತ್ತದೆ. ಬೀದರಿನವರು ಅದಕ್ಕೆ ಝರಾ, ಝರಣಿ ಎನ್ನುತ್ತಾರೆ. ಗುರು ನಾನಕ್ ಝೀರಾ ಹಾಗೆ ಒಡೆದ ನೀರು. ಝರಣಿ ನರಸಿಂಹನ ಗುಹೆಯಲ್ಲಿ ಭಕ್ತರು ಎದೆಮಟ್ಟದ ನೀರಿನಲ್ಲಿ ನಡೆದು ಹೋಗಿ ದೇವರನ್ನು ಕಾಣುತ್ತಾರೆ. ತಲೆಯ ಮೇಲೆ ಬಾವಲಿಗಳು, ಮಕ್ಕಳು ಅಪ್ಪನ ಹೆಗಲ ಮೇಲೆ. ಬುಗ್ಗೆಗಾಗಿ ಕಾಯದೆ ತಾವೇ ಕೆಳಗಿಳಿದವರೂ ಇದ್ದರು. ನೌಬಾದಿನ ಕರೇಜ್ ಬಹಮನಿ ಕಾಲದ್ದು, ವಿದ್ಯೆ ಇರಾನಿನದು. ಎತ್ತರದ ಕಡೆ ಒಂದು ತಾಯಿಬಾವಿ ತೋಡಿ ನೀರಿನ ಮಟ್ಟವನ್ನು ಮುಟ್ಟುವುದು, ಅಲ್ಲಿಂದ ಸಣ್ಣ ಇಳಿಜಾರಿನಲ್ಲಿ ಸುರಂಗ ಕೊರೆಯುತ್ತಾ ಹೋಗುವುದು, ಗಾಳಿ ಬೆಳಕಿಗೆ ಮತ್ತು ಮಣ್ಣು ಎತ್ತಲು ನಡುನಡುವೆ ಬಾವಿಯಂತಹ ಕಿಂಡಿಗಳನ್ನು ಬಿಡುವುದು. ಜನರ ಬಾಯಲ್ಲಿ ಅದು ಸುರಂಗ ಬಾವಿ. ಎತ್ತು ಬೇಡ, ಮೋಟಾರು ಬೇಡ, ನೀರು ತನ್ನಷ್ಟಕ್ಕೆ ಹರಿದು ಬರುತ್ತದೆ. ಕೊಳವೆಬಾವಿಗಳು ಬಂದು ಮಟ್ಟವನ್ನೇ ಸುರಂಗದ ಕೆಳಗೆ ಇಳಿಸಿದರೆ ಮಾತ್ರ ಸುರಂಗಕ್ಕೆ ಏನೂ ಮಾಡಲಾಗುವುದಿಲ್ಲ. ಇದನ್ನೆಲ್ಲ ತಿಳಿದ ಮೇಲೆ ‘ನೀರಿನ ಮೇಜು’ ಎಂದು ಬರೆಯಲು ನಿಮ್ಮ ಕೈ ಬರುತ್ತದೆಯೇ? ವಿಷಯ ಗೊತ್ತಿದ್ದರೆ ಪದ ತಪ್ಪುವುದು ಕಡಿಮೆ.

ಸಮತಟ್ಟಿನ ಅರ್ಥ ಇನ್ನೂ ಒಂದೆರಡು ಕಡೆ ಇದೆ. ಕಡೆದ ವಜ್ರದ ಮೇಲಿನ ಚಪ್ಪಟೆ ಮುಖಕ್ಕೆ ಟೇಬಲ್ ಎಂದೇ ಹೆಸರು. ಫ್ರೆಂಚ್ ವ್ಯಾಪಾರಿ ಟವೆರ್ನಿಯೇ 17ನೇ ಶತಮಾನದಲ್ಲಿ ಗೋಲ್ಕೊಂಡದಲ್ಲಿ ಕಂಡ ದೊಡ್ಡ ಚಪ್ಪಟೆ ವಜ್ರ ‘ಗ್ರೇಟ್ ಟೇಬಲ್’ ಎಂದೇ ಪ್ರಸಿದ್ಧವಾಯಿತು. ಅದನ್ನು ‘ಮಹಾ ಮೇಜು’ ಮಾಡಬೇಡಿ.

ಈಗ ಸುತ್ತ ಕುಳಿತವರು. ಹೋಟೆಲಿನ ಮಾಣಿ ಒಳಗೆ ಕೂಗಿ ಹೇಳುತ್ತಾನೆ: ‘ನಾಲ್ಕನೇ ಟೇಬಲ್ ಎರಡು ಪ್ಲೇಟ್ ಮಿರ್ಚಿ ಭಜಿ ಕೇಳುತ್ತಿದೆ.’ ಮರದ ತುಂಡು ಭಜಿ ಕೇಳುವುದಿಲ್ಲ ಎಂದು ಯಾರೂ ಅವನನ್ನು ತಿದ್ದುವುದಿಲ್ಲ. ಹೀಗೆ ಊಟದ ಹಲಗೆಯ ಸುತ್ತ ಕುಳಿತವರೇ ಬೋರ್ಡ್ ಆಗಿ, ಕಂಪನಿಗಳಿಗೆ ಬೋರ್ಡುಗಳು ಬಂದವು. ಕನ್ನಡ ಹಲಗೆಯನ್ನು ಬಿಟ್ಟು ಜನರ ವೃತ್ತವನ್ನು ಹಿಡಿಯಿತು. ನಮ್ಮ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಇಂಗ್ಲಿಷ್ ಹೆಸರಿನಲ್ಲಿ ಹಲಗೆ ಇದೆ, ಕನ್ನಡ ಹೆಸರಿನಲ್ಲಿ ಮಂಡಲ ಇದೆ. 2013ರಲ್ಲಿ ಕಲಬುರಗಿಗೆ ಹೈಕೋರ್ಟಿನ ಕಾಯಂ ಬೆಂಚು ಬಂದಾಗ ನಾವು ಪೀಠ ಎಂದೆವು. ಅಧಿಕಾರವನ್ನು ಮನೆಯ ಸಾಮಾನುಗಳ ಹೆಸರಿನಿಂದ ಕರೆಯುವ ಚಾಳಿ ಎರಡೂ ಕಡೆ ಇದೆ ಅನ್ನಿ.

ದುಂಡುಮೇಜಿಗೆ ತಲೆಭಾಗವಿಲ್ಲ, ಯಾರೂ ಮೇಲು ಯಾರೂ ಕೀಳು ಆಗುವುದಿಲ್ಲ ಎಂಬುದು ಆರ್ಥರ್ ರಾಜನ ಕಥೆಯಿಂದ ಬಂದ ನಂಬಿಕೆ. 1930ರಿಂದ 1932ರವರೆಗೆ ಲಂಡನ್ನಿನಲ್ಲಿ ಮೂರು ಸಲ ದುಂಡುಮೇಜಿನ ಪರಿಷತ್ತು ಸೇರಿತು. ಮೈಸೂರಿನ ಕಡೆಯಿಂದ ದಿವಾನ ಮಿರ್ಜಾ ಇಸ್ಮಾಯಿಲ್, ಹೈದರಾಬಾದಿನ ನಿಯೋಗದ ಮುಂದಾಳಾಗಿ ಅಕ್ಬರ್ ಹೈದರಿ. ಕಲಬುರಗಿ, ಬೀದರ್ ಆಗ ನಿಜಾಮರ ಸಂಸ್ಥಾನದಲ್ಲಿ. ಯಾದಗಿರಿ ಕಲಬುರಗಿ ಜಿಲ್ಲೆಯೊಳಗೇ ಇತ್ತು. ಅಂದರೆ ಒಂದೇ ಭಾಷೆಯ ಜನ ಆ ದುಂಡುಮೇಜಿನ ಸುತ್ತ ಬೇರೆ ಬೇರೆ ಕುರ್ಚಿಗಳಲ್ಲಿ, ತಾವು ಆರಿಸದ ಪ್ರತಿನಿಧಿಗಳ ಮೂಲಕ ಕುಳಿತಿದ್ದರು. ಮೇಜು ದುಂಡಗಿದ್ದರೆ ಸಾಲದು.

ಕ್ರಿಯಾಪದವಾದಾಗ ಟೇಬಲ್ ನಿಜವಾಗಿ ಅಪಾಯಕಾರಿ. ಬ್ರಿಟನ್ನಿನಲ್ಲಿ ಮತ್ತು ನಮ್ಮಲ್ಲಿ ಮಸೂದೆಯನ್ನು ಟೇಬಲ್ ಮಾಡುವುದೆಂದರೆ ಸದನದ ಮುಂದಿಡುವುದು. ಅಮೆರಿಕದಲ್ಲಿ ಅದರ ಅರ್ಥ ಚರ್ಚೆಯನ್ನು ಮುಂದೂಡಿ ಬದಿಗಿಡುವುದು. ಅದೇ ಭಾಷೆ, ಅದೇ ಪದ, ನೇರ ವಿರುದ್ಧ ಅರ್ಥ. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷ್ ಅಧಿಕಾರಿಗಳು ತುರ್ತಿನ ಪತ್ರವೊಂದನ್ನು ಟೇಬಲ್ ಮಾಡಬೇಕೆಂದರಂತೆ. ಬೇಡವೇ ಬೇಡ ಎಂದು ಅಮೆರಿಕನ್ನರು ಪಟ್ಟು ಹಿಡಿದರಂತೆ. ಸಾಕಷ್ಟು ಬಿಸಿಬಿಸಿ ವಾದವಾದ ಮೇಲೆ ಗೊತ್ತಾಯಿತು, ಇಬ್ಬರಿಗೂ ಬೇಕಾದದ್ದು ಆ ಪತ್ರವನ್ನು ಕೂಡಲೇ ಚರ್ಚಿಸುವುದೇ. ಇದನ್ನು ಚರ್ಚಿಲ್ ತಮ್ಮ ಯುದ್ಧಕಾಲದ ನೆನಪುಗಳಲ್ಲಿ ಬರೆದಿದ್ದಾರೆ.

ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ 371(ಜೆ) ವಿಧಿಯ ಮಸೂದೆಯನ್ನು ಸಂಸತ್ತು 2012ರ ಡಿಸೆಂಬರಿನಲ್ಲಿ ಒಪ್ಪಿತು. ಅದಕ್ಕೂ ಮೊದಲು, ಮಸೂದೆಯನ್ನು ಲೋಕಸಭೆಯಲ್ಲಿ ಟೇಬಲ್ ಮಾಡಲಾಗಿದೆ ಎಂಬ ಇಂಗ್ಲಿಷ್ ಸುದ್ದಿಯನ್ನು ಅಮೆರಿಕದಲ್ಲಿ ಓದುತ್ತಿದ್ದ ಕಲಬುರಗಿಯ ಹುಡುಗ ಹಿಗ್ಗಿನಿಂದ ತನ್ನ ಅಮೆರಿಕನ್ ಗೆಳೆಯನಿಗೆ ತೋರಿಸಿದ್ದರೆ, ಆ ಗೆಳೆಯ ಬೆನ್ನು ತಟ್ಟಿ ಸಮಾಧಾನ ಹೇಳುತ್ತಿದ್ದ. ಕನ್ನಡ ಪತ್ರಿಕೆಯ ಓದುಗರಿಗೆ ಈ ಪೀಕಲಾಟವೇ ಇಲ್ಲ. ನಾವು ‘ಮಂಡನೆ’ 
ಎನ್ನುತ್ತೇವೆ, ಅದು ಯಾವ ದೇಶದಲ್ಲೂ ಬದಿಗಿಡುವುದಾಗಲಾರದು. ಮಂಡಿಸು ಎಂಬುದಕ್ಕೆ ಕುಳಿತುಕೊಳ್ಳು ಎಂಬ ಹಳೆಯ ಅರ್ಥವೂ ಉಂಟು, ಅರಸ ಸಿಂಹಾಸನದಲ್ಲಿ ಮಂಡಿಸುತ್ತಿದ್ದ. ಈಗ ಬಜೆಟ್ ಮಂಡನೆಯಾಗುತ್ತದೆ, ಮಹಾಲೇಖಪಾಲರ ವರದಿ ಮಂಡನೆಯಾಗುತ್ತದೆ, ಆಡಳಿತ ಪಕ್ಷದವರು ಮೇಜು ಕುಟ್ಟಿ ಸ್ವಾಗತಿಸುತ್ತಾರೆ. ಗಮನಿಸಿ: ಮಂಡಿಸುವಾಗ ಮೇಜು ಮಾಯ, ಕುಟ್ಟುವಾಗ ಮಾತ್ರ ಮೇಜು ಪ್ರತ್ಯಕ್ಷ.

ತಾಲ್ಲೂಕು ಕಚೇರಿಯ ಟೇಬಲ್ ಇಂಗ್ಲಿಷ್ ನಿಘಂಟಿನಲ್ಲಿ ಸಿಗದ ನಮ್ಮದೇ ಸೃಷ್ಟಿ. ‘ನಿಮ್ಮ ಕಡತ ಯಾವ ಟೇಬಲ್‌ನಲ್ಲಿದೆ?’ ಎಂದರೆ ಯಾವ ಗುಮಾಸ್ತರ ಬಳಿ ನಿಂತಿದೆ ಎಂದರ್ಥ. ‘ಶಿರಸ್ತೇದಾರರ ಟೇಬಲ್ ದಾಟಿದೆ’ ಎಂದರೆ ಅರ್ಧ ಗೆದ್ದಂತೆ. ‘ಆ ಟೇಬಲ್ ರಜೆಯ ಮೇಲಿದೆ’ ಎಂಬ ಮಾತನ್ನೂ ನಾನು ಕೇಳಿದ್ದೇನೆ, ಪಹಣಿ ತಿದ್ದುಪಡಿಗೆ ಬಂದ ರೈತರು ಒಂದಿಷ್ಟೂ ತಬ್ಬಿಬ್ಬಾಗದೆ ‘ಎಂದು ಬರುತ್ತದೆ?’ ಎಂದು ಕೇಳಿದರು. ಮೇಜಿನ ಕೆಳಗೆ ನಡೆಯುವುದನ್ನು ವಿವರಿಸಬೇಕಿಲ್ಲ. ಇಂಗ್ಲಿಷಿನಲ್ಲಿ ಮಾತ್ರ ಎಚ್ಚರ: ಒಬ್ಬನನ್ನು ಟೇಬಲ್ ಕೆಳಗೆ ಬೀಳಿಸುವಷ್ಟು ಕುಡಿಯುವುದು ಎಂದರೆ ಕುಡಿತದ ಪಂದ್ಯದಲ್ಲಿ ಗೆಲ್ಲುವುದು, ಅದರಲ್ಲಿ ಲಂಚದ ವಾಸನೆ ಇಲ್ಲ. ಟೇಬಲ್ಲುಗಳನ್ನು ತಿರುಗಿಸುವುದು ಎಂಬ ನುಡಿಯಲ್ಲಿ ಪೀಠೋಪಕರಣವೇ ಇಲ್ಲ. ಪಗಡೆಯಂತೆ ದಾಳ ಉರುಳಿಸಿ ಕಾಯಿ ನಡೆಸುವ ಆಟಕ್ಕೆ ಹಿಂದೆ ಟೇಬಲ್ಸ್ ಎನ್ನುತ್ತಿದ್ದರು; ಆಟಗಾರರು ಹಲಗೆ ತಿರುಗಿಸಿಕೊಂಡರೆ ಸೋಲುವವನು ಗೆಲ್ಲುವವನ ಜಾಗಕ್ಕೆ ಬಂದ. ಆಟ ತಿರುವುಮುರುವಾಯಿತು ಎಂದರೆ ಮುಗಿಯಿತು.

ಮರಿ ಟೇಬಲ್ಲುಗಳನ್ನು ಬೇಗ ಮುಗಿಸುತ್ತೇನೆ. ಟ್ಯಾಬ್ಲೆಟ್ ಎಂದರೆ ಪುಟ್ಟ ಹಲಗೆ: ಸುಮೇರಿಯನ್ನರ ಮಣ್ಣಿನ ಫಲಕ, ಜ್ವರದ ಗುಳಿಗೆ, ಮಕ್ಕಳು ಬೆರಳಿನಿಂದ ತೀಡುವ ಟ್ಯಾಬ್. ಟ್ಯಾಬ್ಲಾಯ್ಡ್ ಎಂಬುದು 1884ರಲ್ಲಿ ಬರೋಸ್ ವೆಲ್ಕಮ್ ಎಂಬ ಔಷಧ ಕಂಪನಿ ತನ್ನ ಒತ್ತಿ ಮಾಡಿದ ಗುಳಿಗೆಗಳಿಗೆ ನೋಂದಾಯಿಸಿದ ಹೆಸರು. ಸುದ್ದಿಯನ್ನೂ ಗುಳಿಗೆಯಂತೆ ಒತ್ತಿ ಕೊಡುವ ಪತ್ರಿಕೆಗಳಿಗೆ ಆಮೇಲೆ ಅಂಟಿತು. ಒಂದು ಕಡೆ ಮಾತ್ರ ಅವಸರ ಮಾಡಬೇಡಿ: ಟೇಬಲ್ ಸ್ಪೂನ್. ಔಷಧದ ಲೆಕ್ಕದಲ್ಲಿ ಟೀ ಸ್ಪೂನ್ 5 ಮಿಲಿಲೀಟರ್, ಟೇಬಲ್ ಸ್ಪೂನ್ 15. ಆಸ್ಟ್ರೇಲಿಯದ ಅಡುಗೆ ಪುಸ್ತಕದಲ್ಲಾದರೆ 20. ಎರಡನ್ನೂ ‘ಒಂದು ಚಮಚ’ ಎಂದು ಬರೆದು ಕೈತೊಳೆದುಕೊಂಡರೆ, ಮಗುವಿನ ಕೆಮ್ಮಿನ ಔಷಧ ಮೂರು ಪಟ್ಟಾಗಬಹುದು. ನಮ್ಮ ಮನೆಗಳಲ್ಲಿ ಚಮಚಗಳಿಗೆ ಅಳತೆ ಎಂಬುದೇ ಇಲ್ಲ. ಸಾರಿನ ಚಮಚವೂ ಚಮಚ, ಉಪ್ಪಿನಕಾಯಿಯದೂ ಚಮಚ. ಇಂತಹ ಕಡೆ ಸೊಗಸಾದ ಕನ್ನಡ ಹುಡುಕುತ್ತಾ ಕೂರಬೇಡಿ, ಮಿಲಿಲೀಟರಿನಲ್ಲಿ ಬರೆದು, ಬಾಟಲಿಯ ಜೊತೆ ಬಂದ ಮುಚ್ಚಳದಲ್ಲಿ ಅಳೆಯಿರಿ ಎಂದು ಸೇರಿಸಿ.

ಉಪನ್ಯಾಸದ ಬಳಿಕ ಕೆಲವು ಪ್ರಶ್ನೆಗಳು ಬಂದವು. ತಬಲಾ ಕೂಡ ತಬುಲಾದ ಮಗುವೇ ಎಂದು ಒಬ್ಬ ವಿದ್ಯಾರ್ಥಿನಿ ಕೇಳಿದಳು. ಕಿವಿಗೆ ಹಾಗೆ ಕೇಳಿಸಿದರೂ ಅದು ಬೇರೆ ಮನೆತನ. ಅರಬ್ಬಿಯಲ್ಲಿ ತಬ್ಲ್ ಎಂದರೆ ಡೋಲು. ಮತ್ತೊಬ್ಬ ತುಂಟ ಕಾನ್‌ಸ್ಟೇಬಲ್‌ನೊಳಗೆ ಟೇಬಲ್ ಇದೆಯಲ್ಲ ಎಂದ. ಅಲ್ಲಿರುವುದು ಸ್ಟೇಬಲ್, ಕುದುರೆ ಲಾಯ. ಲ್ಯಾಟಿನ್ನಿನಲ್ಲಿ ಲಾಯದ ಮೇಲಧಿಕಾರಿಗೆ ಇದ್ದ ಬಿರುದು ಸವೆದು ಸವೆದು ಪೊಲೀಸ್ ಠಾಣೆಗೆ ಬಂತು.

ಕೊನೆಗೆ ಅಧ್ಯಾಪಕರೊಬ್ಬರು, ‘ಸರಿ, ಬರೆಯುವಾಗ ಮೇಜು ಎನ್ನಬೇಕೋ ಟೇಬಲ್ ಎನ್ನಬೇಕೋ?’ ಎಂದು ಕೇಳಿದರು. ವಿಧಾನಸಭೆಯ ವರದಿಯಲ್ಲಿ, ಇತಿಹಾಸದ ಪಾಠದಲ್ಲಿ ಮೇಜು ಎಂದೇ ಬರೆಯುತ್ತೇನೆ, ಓದುಗರಿಗೆ ಅದು ಪಳಗಿದೆ. ಖಾನಾವಳಿಯ ಕಥೆ ಬರೆದರೆ ಟೇಬಲ್ ಎನ್ನುತ್ತೇನೆ, ಅಲ್ಲಿ ಊಟಕ್ಕೆ ಕುಳಿತ ಯಾರೂ ಮೇಜು ಎಂದದ್ದನ್ನು ನಾನು ಕೇಳಿಲ್ಲ. ಮೇಜು ಪಾರಸಿಯೋ ಪೋರ್ಚುಗೀಸೋ ಆಗಿ ನಮ್ಮದಾಯಿತು, ಟೇಬಲ್ ಇಂಗ್ಲಿಷಾಗಿ ಬಂದು ಆಗುತ್ತಿದೆ. ಎರಡರಲ್ಲಿ ಒಂದನ್ನು ಹೊರಗೆ ಹಾಕಲು ನನಗೆ ಕಾರಣ ಕಾಣುವುದಿಲ್ಲ ಎಂದೆ. ಅವರು ಒಪ್ಪಲಿಲ್ಲ. ಮೇಜೇ ಇರಬೇಕೆಂದು ವಾದಿಸುತ್ತಾ ಚಹಾದ ಕೋಣೆಯವರೆಗೂ ಬಂದರು.